ಭಯ ತಗ್ಗಿದರೆ ಬೇನೆ ಹಗುರ: ಶಾಂತ ಹೆರಿಗೆಗೆ ಮನಸ್ಸಿನ ಸಿದ್ಧತೆ

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಚೊಚ್ಚಲು ಬಸುರಿಗೆ ಕುಬುಸ ಮಾಡಿ, ಉಡಿ ತುಂಬಿ, ತವರಿಗೆ ಕರೆತರುವ ಪದ್ಧತಿ ಇಂದಿಗೂ ಉಳಿದಿದೆ. ಹಸಿರು ಸೀರೆ, ಹಸಿರು ಬಳೆ, ಬಯಕೆಯ ಊಟ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಬಂದುಹೋಗುವ ಬಳಗದವರು ಉಡಿಗೆ ಹಾಕುವ ಅಕ್ಕಿ, ಕೊಬ್ಬರಿಗಳ ಜೊತೆಗೆ ಮತ್ತೊಂದನ್ನೂ ಅರಿವಿಲ್ಲದೆ ಹಾಕಿ ಹೋಗುತ್ತಾರೆ. ‘ನಾನು ಎರಡು ದಿನ ಬೇನೆ ತಿಂದೆ’, ‘ಆಕೆಗೆ ಕಡೆಗಳಿಗೆಯಲ್ಲಿ ಕೊಯ್ದು ತೆಗೆದರು’, ‘ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು’ ಎಂಬ ಮಾತುಗಳವು. ಏಳನೆಯ ತಿಂಗಳಿನಿಂದ ಒಂಬತ್ತನೆಯ ತಿಂಗಳವರೆಗೆ ಅವಳ ಕಿವಿಗೆ ಬೀಳುವುದೆಲ್ಲ ಇವೇ. ಬೇನೆ ಬಂದಾಗ ಮೈಯೊಳಗೆ ನಡೆಯುವುದೇನು, ಆ ಹೊತ್ತಿನಲ್ಲಿ ಉಸಿರನ್ನು ಹೇಗೆ ಬಿಡಬೇಕು, ಹೆರಿಗೆ ಕೋಣೆಯಲ್ಲಿ ಯಾರಿರುತ್ತಾರೆ ಎಂಬುದನ್ನು ತಿಳಿಸಿ ಹೇಳುವವರು ವಿರಳ.

ಹೀಗೆ ತಿಂಗಳುಗಟ್ಟಲೆ ಕೂಡಿಟ್ಟ ಭಯ ಹೆರಿಗೆಯ ದಿನ ಬರಿಯ ಮನಸ್ಸಿನ ವಿಷಯವಾಗಿ ಉಳಿಯುವುದಿಲ್ಲ. ಅದು ಸ್ನಾಯುಗಳಿಗೆ ಇಳಿಯುತ್ತದೆ. ಈ ಸಂಬಂಧವನ್ನು ಗುರುತಿಸಿ, ಭಯವನ್ನು ಮೊದಲೇ ತಗ್ಗಿಸುವ ಅಭ್ಯಾಸಗಳನ್ನು ರೂಪಿಸುವ ಪ್ರಯತ್ನಕ್ಕೆ ಈಗ ಸುಮಾರು 90 ವರ್ಷಗಳ ಇತಿಹಾಸವಿದೆ. ಮೈಯನ್ನು ಬೇಕೆಂದಾಗ ಸಡಿಲಿಸುವುದು, ಉಸಿರನ್ನು ನಿಧಾನಗೊಳಿಸುವುದು, ಮನಸ್ಸಿನಲ್ಲಿ ಹಿತವಾದ ಚಿತ್ರವೊಂದನ್ನು ಕಟ್ಟಿಕೊಂಡು ಅದರಲ್ಲಿ ನೆಲೆಯಾಗುವುದು ಇವುಗಳ ತಿರುಳು. ಇವಕ್ಕೆ ಯಂತ್ರ ಬೇಡ, ಔಷಧ ಬೇಡ, ಖರ್ಚಂತೂ ಇಲ್ಲವೇ ಇಲ್ಲ.

ಮೈಯೊಳಗಿನ ಕೆಲಸ

ಗರ್ಭಾಶಯ ಒಂದು ಬಲವಾದ ಸ್ನಾಯುಚೀಲ. ಹೆರಿಗೆ ಆರಂಭವಾದಾಗ ಅದರ ಮೇಲ್ಭಾಗದ ಸ್ನಾಯುಗಳು ಮತ್ತೆ ಮತ್ತೆ ಬಿಗಿದು, ಪ್ರತಿ ಬಾರಿಯೂ ಕೊಂಚ ಮೋಟಾಗಿ, ಕೆಳಗಿನ ಗರ್ಭಕೊರಳನ್ನು ಮೇಲಕ್ಕೆ ಎಳೆದುಕೊಳ್ಳುತ್ತವೆ. ಕೊರಳು ತೆಳುವಾಗಿ, ಮೆಲ್ಲಗೆ ತೆರೆದು, ಸುಮಾರು 10 ಸೆಂಟಿಮೀಟರ್ ಅಗಲವಾದಾಗ ಮಗುವಿಗೆ ದಾರಿ ಸಿದ್ಧವಾಗುತ್ತದೆ. ಈ ಬಿಗಿತವೇ ಬೇನೆ. ಅದು ಅಲೆಯಂತೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಬಲವಾದ ಬೇನೆಯೂ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ನಡುವೆ ಎರಡು ಮೂರು ನಿಮಿಷಗಳ ಬಿಡುವು ಇರುತ್ತದೆ. ಹನ್ನೆರಡು ಗಂಟೆ ಬೇನೆ ಎಂದು ಹೇಳುವಾಗ ಈ ಬಿಡುವಿನ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಒಟ್ಟು ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಗರ್ಭಾಶಯ ಸುಮ್ಮನೆ ವಿಶ್ರಮಿಸುತ್ತಿರುತ್ತದೆ ಎಂಬ ಒಂದೇ ಸಂಗತಿ ತಿಳಿದರೂ ಎಷ್ಟೋ ಬಸುರಿಯರ ಎದೆಭಾರ ಇಳಿಯುತ್ತದೆ.

ಈ ಕೆಲಸವನ್ನು ನಡೆಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ನೋವನ್ನು ಸಹಿಸಿಕೊಳ್ಳಲು ಮಿದುಳು ತಾನೇ ಎಂಡಾರ್ಫಿನ್‌ಗಳನ್ನು ಸುರಿಸುತ್ತದೆ. ಆದರೆ ಹೆದರಿಕೆಯಾದಾಗ ದೇಹ ಅಡ್ರಿನಲಿನ್ ಬಿಡುಗಡೆ ಮಾಡುತ್ತದೆ. ಹುಲಿ ಕಂಡಾಗ ಓಡಲು ಬೇಕಾದ ಏರ್ಪಾಡು ಅದು. ರಕ್ತ ಕೈಕಾಲುಗಳ ಕಡೆಗೆ ಹರಿಯುತ್ತದೆ, ಗರ್ಭಾಶಯಕ್ಕೆ ಹೋಗುವುದು ಕಡಿಮೆಯಾಗುತ್ತದೆ, ಬೇನೆಯ ಲಯ ತಪ್ಪುತ್ತದೆ. ದವಡೆ, ಭುಜ, ತೊಡೆಗಳು ತಾವಾಗಿಯೇ ಬಿಗಿಯುತ್ತವೆ. ಮನೆಯಲ್ಲಿ ಸರಿಯಾಗಿ ಬರುತ್ತಿದ್ದ ಬೇನೆ ಆಸ್ಪತ್ರೆಯ ಬಾಗಿಲು ದಾಟುತ್ತಿದ್ದಂತೆ ಮಂಕಾಗುವುದನ್ನು ಅನುಭವಿ ದಾದಿಯರು ಬಲ್ಲರು.

ಬ್ರಿಟನ್ನಿನ ಪ್ರಸೂತಿ ವೈದ್ಯ ಗ್ರ್ಯಾಂಟ್ಲಿ ಡಿಕ್-ರೀಡ್ ಇದನ್ನು ಒಂದು ವಿಷವರ್ತುಲವಾಗಿ ವಿವರಿಸಿದರು: ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತಷ್ಟು ಭಯ. 1933ರಲ್ಲಿ ಅವರ ಮೊದಲ ಪುಸ್ತಕ, 1942ರಲ್ಲಿ ಎರಡನೆಯದು ಹೊರಬಂದವು. ಲಂಡನ್ನಿನ ಬಡ ಕೇರಿಯೊಂದರಲ್ಲಿ ಕ್ಲೋರೋಫಾರಂ ಬೇಡವೆಂದು ತಳ್ಳಿ, ಶಾಂತವಾಗಿ ಹೆತ್ತ ಹೆಂಗಸೊಬ್ಬಳನ್ನು ಕಂಡ ಮೇಲೆ ಅವರಿಗೆ ಈ ವಿಚಾರ ಹೊಳೆಯಿತಂತೆ. ಸಹೋದ್ಯೋಗಿ ವೈದ್ಯರು ಅವರನ್ನು ಗೇಲಿ ಮಾಡಿದ್ದೇ ಹೆಚ್ಚು. ಅಮೆರಿಕದಲ್ಲಿ ಎಡ್ಮಂಡ್ ಜೇಕಬ್‌ಸನ್ ಅದಕ್ಕೂ ಮುನ್ನ, 1929ರಲ್ಲಿ, ಒಂದೊಂದೇ ಸ್ನಾಯುವನ್ನು ಬಿಗಿದು ಬಿಡುತ್ತ ಇಡೀ ಮೈಯನ್ನು ಸಡಿಲಿಸುವ ಕ್ರಮವನ್ನು ಪುಸ್ತಕವಾಗಿ ಬರೆದಿದ್ದರು. ಫ್ರಾನ್ಸಿನ ಫೆರ್ನಾಂ ಲಮಾಜ್ 1951ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ, ಅಲ್ಲಿನ ಹೆರಿಗೆ ಕೋಣೆಗಳಲ್ಲಿ ಉಸಿರಾಟದ ತರಬೇತಿ ಪಡೆದ ಹೆಂಗಸರನ್ನು ಕಂಡು, ಆ ವಿಧಾನವನ್ನು ಪ್ಯಾರಿಸಿಗೆ ತಂದರು. ನೋವಿಲ್ಲದ ಹೆರಿಗೆ ಧರ್ಮಕ್ಕೆ ವಿರುದ್ಧವೇ ಎಂಬ ಚರ್ಚೆ ಯುರೋಪಿನಲ್ಲಿ ಎಷ್ಟು ಬಿಸಿಯಾಯಿತೆಂದರೆ, 1956ರಲ್ಲಿ ಹನ್ನೆರಡನೆಯ ಪಯಸ್ ಪೋಪರೇ ‘ವಿರುದ್ಧವಲ್ಲ’ ಎಂದು ತೀರ್ಮಾನ ಹೇಳಬೇಕಾಯಿತು.

ಕಲ್ಯಾಣದ ಮಟ್ಟಿಗೆ ಇಂಥದೊಂದು ಪ್ರಶ್ನೆ ಹನ್ನೆರಡನೆಯ ಶತಮಾನದಲ್ಲೇ ಎದ್ದಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಬಸವಣ್ಣನವರೂ ಇತರ ಶರಣರೂ ತೊರೆದ ಪಂಚಸೂತಕಗಳಲ್ಲಿ ಜನನ ಸೂತಕವೂ ಒಂದು. ಹೆರುವುದು ಮೈಲಿಗೆಯಲ್ಲ, ಹೆತ್ತವಳನ್ನು ಕತ್ತಲ ಮೂಲೆಗೆ ತಳ್ಳಬೇಕಿಲ್ಲ ಎಂಬ ಆ ನಿಲುವಿಗೆ ಎಂಟು ಶತಮಾನ ಕಳೆದರೂ, ಹೆರಿಗೆಯ ವಿಚಾರವನ್ನು ಹಗಲಲ್ಲಿ, ಬಿಚ್ಚುಮಾತಿನಲ್ಲಿ ಆಡಲು ಅದೇ ನೆಲದ ಮನೆಗಳು ಇನ್ನೂ ಹಿಂಜರಿಯುತ್ತವೆ. ಮಾತಾಗದ್ದು ಭಯವಾಗುತ್ತದೆ.

ಸೂಲಗಿತ್ತಿಯ ಕೈ ಹೋದ ಮೇಲೆ

ಒಂದು ಕಾಲಕ್ಕೆ ಈ ಭಯವನ್ನು ಹಿಡಿದು ನಿಲ್ಲಿಸುತ್ತಿದ್ದವಳು ಸೂಲಗಿತ್ತಿ. ಬೆನ್ನಿಗೆ ಎಣ್ಣೆ ತಿಕ್ಕುವುದು, ಬಿಸಿನೀರು ಹಾಕುವುದು, ‘ಇನ್ನೊಂದು ಬ್ಯಾನಿ ತಾಳವ್ವ’ ಎಂದು ಕಿವಿಯಲ್ಲಿ ಉಸುರುವುದು, ಕೊನೆಯವರೆಗೂ ಪಕ್ಕ ಬಿಟ್ಟೇಳದಿರುವುದು ಅವಳ ವಿದ್ಯೆಯ ಭಾಗವೇ ಆಗಿದ್ದವು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಹಣ ಮುಟ್ಟದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಆದರೆ ಹಳೆಯದೆಲ್ಲ ಚಿನ್ನವೆಂದು ಹೇಳುವಂತಿಲ್ಲ. ರಕ್ತಸ್ರಾವ, ನಂಜು, ಅಡ್ಡ ಕೂತ ಮಗು ಇವುಗಳ ಮುಂದೆ ಎಷ್ಟು ಒಳ್ಳೆಯ ಸೂಲಗಿತ್ತಿಯೂ ಕೈಚೆಲ್ಲಬೇಕಾಗುತ್ತಿತ್ತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಮತ್ತು ಆಶಾ ಕಾರ್ಯಕರ್ತೆಯರು, 2008ರಲ್ಲಿ 108 ಆಂಬುಲೆನ್ಸ್ ಬಂದ ನಂತರ ಚಿತ್ರ ಬದಲಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 97 ಶೇಕಡಾ ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಅದೇ ಸಮೀಕ್ಷೆ ಮತ್ತೊಂದನ್ನೂ ಹೇಳುತ್ತದೆ: ರಾಜ್ಯದಲ್ಲಿ ಸಿಸೇರಿಯನ್ ಪ್ರಮಾಣ 2015-16ರಲ್ಲಿದ್ದ 23.6 ಶೇಕಡಾದಿಂದ 31.5ಕ್ಕೆ ಏರಿದೆ. ಇದಕ್ಕೆ ಹಲವು ಕಾರಣಗಳಿವೆ. ‘ಬೇನೆ ತಿನ್ನಲಾರೆ, ಕೊಯ್ದುಬಿಡಿ’ ಎಂದು ಬಸುರಿಯೋ ಮನೆಯವರೋ ಕೇಳಿಕೊಳ್ಳುವುದೂ ಅವುಗಳಲ್ಲಿ ಒಂದೆಂದು ವೈದ್ಯರು ಹೇಳುತ್ತಾರೆ. ಇತ್ತ ಶಸ್ತ್ರಚಿಕಿತ್ಸೆಯ ಭಯವೂ ಕಡಿಮೆಯದಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತಪಟ್ಟಾಗ ಆ ಸುದ್ದಿ ಕಲ್ಯಾಣ ಕರ್ನಾಟಕದ ಪ್ರತಿ ಬಸುರಿಯ ಮನೆಯನ್ನೂ ಮುಟ್ಟಿತು.

ಹೆರಿಗೆ ಮನೆಯಿಂದ ಆಸ್ಪತ್ರೆಗೆ ಸಾಗಿದ್ದು ಜೀವ ಉಳಿಸಿತು. ಬೆನ್ನ ಮೇಲಿನ ಕೈ ಮಾತ್ರ ಮನೆಯಲ್ಲೇ ಉಳಿಯಿತು. ಮಂಚದ ಮೇಲೆ ಅಪರಿಚಿತರ ನಡುವೆ ಒಂಟಿಯಾಗಿ ಮಲಗಿದ ಹದಿನೆಂಟು ಇಪ್ಪತ್ತರ ಹುಡುಗಿಗೆ ಹೊರಗಿನ ವರಾಂಡದಲ್ಲಿ ಕೂತ ತಾಯಿಯ ದನಿ ಕೂಡ ಕೇಳಿಸದು. ಆಗ ಅವಳ ಬಳಿ ಉಳಿಯುವುದು ಅವಳೇ ಮೊದಲು ಕಲಿತಿಟ್ಟುಕೊಂಡದ್ದು ಮಾತ್ರ.

ಅಭ್ಯಾಸದ ಕ್ರಮ

ತೊಂದರೆಯಿಲ್ಲದ ಬಸಿರಾದರೆ ಐದನೆಯ ಅಥವಾ ಆರನೆಯ ತಿಂಗಳಿನಿಂದ ಅಭ್ಯಾಸ ಆರಂಭಿಸಬಹುದು. ತಡವಾಯಿತೆಂದು ಬಿಡಬೇಕಿಲ್ಲ, ಎಂಟನೆಯ ತಿಂಗಳಲ್ಲಿ ಕಲಿತವರಿಗೂ ಉಪಯೋಗವಿದೆ. ದಿನಕ್ಕೆ 15ರಿಂದ 20 ನಿಮಿಷ ಸಾಕು. ಊಟವಾದ ತಕ್ಷಣ ಬೇಡ.

ಮಲಗುವ ಭಂಗಿಯ ಬಗ್ಗೆ ಎಚ್ಚರ ಅಗತ್ಯ. ಯೋಗ ಬಲ್ಲವರು ಶವಾಸನವನ್ನೇ ನೆನೆಯುತ್ತಾರೆ. ಆದರೆ ಬಸಿರು ಬೆಳೆದ ಮೇಲೆ ಅಂಗಾತ ಮಲಗಿದರೆ ಗರ್ಭಾಶಯದ ಭಾರ ಬೆನ್ನೆಲುಬಿನ ಮುಂದಿರುವ ದೊಡ್ಡ ರಕ್ತನಾಳದ ಮೇಲೆ ಬಿದ್ದು, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ತಲೆ ಸುತ್ತು ಬರಬಹುದು, ಮಗುವಿಗೂ ಅದು ಹಿತವಲ್ಲ. ಆದ್ದರಿಂದ ಎಡ ಮಗ್ಗುಲಾಗಿ ಮಲಗಿ, ಮೇಲಿನ ಮೊಣಕಾಲಿನ ಕೆಳಗೆ ದಿಂಬು ಅಥವಾ ಮಡಚಿದ ಕೌದಿ ಇಟ್ಟುಕೊಳ್ಳಬೇಕು. ಗೋಡೆಗೆ ಒರಗಿ ಕೂರುವುದೂ ಆಗಬಹುದು.

ಮೊದಲು ಉಸಿರು. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಅಥವಾ ಏಳು ಎಣಿಸುವಷ್ಟು ಹೊತ್ತು ಹೊರಗೆ. ಹೊರ ಉಸಿರು ಒಳ ಉಸಿರಿಗಿಂತ ಉದ್ದವಿರುವುದೇ ಇಲ್ಲಿನ ಗುಟ್ಟು. ಉಸಿರು ಬಿಡುವಾಗ ನಾಡಿ ನಿಧಾನವಾಗುತ್ತದೆ, ಮೈ ತಾನಾಗಿ ಸಡಿಲವಾಗುತ್ತದೆ. ಉಸಿರು ಹಿಡಿದು ನಿಲ್ಲಿಸುವ ಕುಂಭಕ ಬಸುರಿಯರಿಗೆ ಸಲ್ಲದು. ಲಮಾಜ್ ಪದ್ಧತಿಯ ಆರಂಭದ ದಿನಗಳಲ್ಲಿ ಕಲಿಸುತ್ತಿದ್ದ ವೇಗದ ಏದುಸಿರನ್ನೂ ಈಗ ಹೆಚ್ಚಾಗಿ ಕೈಬಿಡಲಾಗಿದೆ. ಅದರಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜೋಮು ಹಿಡಿಯುತ್ತದೆ, ತಲೆ ತಿರುಗುತ್ತದೆ. ಸಿನಿಮಾಗಳಲ್ಲಿ ಕಾಣುವ ಹೆರಿಗೆ ಇನ್ನೂ ಅದೇ ಏದುಸಿರಿಗೆ ಅಂಟಿಕೊಂಡಿರುವುದು ಬೇರೆ ಮಾತು.

ಅನಂತರ ಮೈ. ಮುಷ್ಟಿ ಗಟ್ಟಿಯಾಗಿ ಕಟ್ಟಿ, ಐದು ಎಣಿಸಿ, ಉಸಿರಿನ ಜೊತೆಗೆ ಬಿಟ್ಟುಬಿಡುವುದು. ಬಿಟ್ಟ ಮೇಲೆ ಕೈಗೆ ಬರುವ ಭಾರವನ್ನು ಗಮನಿಸುವುದು. ಹೀಗೆಯೇ ಭುಜಗಳನ್ನು ಕಿವಿಯತ್ತ ಎತ್ತಿ ಇಳಿಸುವುದು, ಹುಬ್ಬು ಗಂಟಿಕ್ಕಿ ಬಿಡುವುದು, ಹಲ್ಲು ಕಚ್ಚಿ ದವಡೆ ಸಡಿಲಿಸುವುದು, ತೊಡೆ, ಪೃಷ್ಠಗಳನ್ನು ಬಿಗಿದು ಬಿಡುವುದು. ಮೀನಖಂಡವನ್ನು ಮಾತ್ರ ಜೋರಾಗಿ ಬಿಗಿಯಬಾರದು, ತುಂಬುಬಸುರಿನಲ್ಲಿ ಅಲ್ಲಿ ಸೆಳೆತ ಬರುವುದು ಸಾಮಾನ್ಯ. ಕೆಲವು ವಾರಗಳ ನಂತರ ಬಿಗಿಯುವ ಅಗತ್ಯವೇ ಉಳಿಯುವುದಿಲ್ಲ. ‘ಬಿಡು’ ಎಂದುಕೊಂಡರೆ ಸಾಕು, ಮೈ ಕೇಳುತ್ತದೆ. ಹೆರಿಗೆಯ ಹೊತ್ತಿಗೆ ಬೇಕಾದದ್ದು ಈ ವಿಧೇಯತೆಯೇ. ಬೇನೆ ಏರುವಾಗ ಗರ್ಭಾಶಯ ಒಂದೇ ದುಡಿಯಬೇಕು, ಉಳಿದ ಮೈಯೆಲ್ಲ ಅದಕ್ಕೆ ಅಡ್ಡ ಬರದೆ ಸುಮ್ಮನಿರಬೇಕು. ದವಡೆ ಮತ್ತು ಅಂಗೈ ಸಡಿಲವಿದ್ದರೆ ಉಳಿದದ್ದೂ ಬಹುಮಟ್ಟಿಗೆ ಸಡಿಲವಿರುತ್ತದೆ ಎಂಬುದು ಪಕ್ಕದಲ್ಲಿರುವವರಿಗೆ ಒಳ್ಳೆಯ ಗುರುತು.

ಕಲಿತದ್ದು ಎಷ್ಟು ಗಟ್ಟಿಯಾಗಿದೆ ಎಂದು ಪರೀಕ್ಷಿಸಲು ಹೆರಿಗೆಪೂರ್ವ ತರಗತಿಗಳಲ್ಲಿ ಒಂದು ಸರಳ ಉಪಾಯ ಬಳಸುತ್ತಾರೆ. ಅಂಗೈಯಲ್ಲಿ ಮಂಜುಗಡ್ಡೆಯ ತುಂಡೊಂದನ್ನು ಒಂದು ನಿಮಿಷ ಹಿಡಿಯುವುದು. ಮೊದಲ ದಿನ ಮೈಯೆಲ್ಲ ಸೆಟೆಯುತ್ತದೆ. ಉದ್ದ ಉಸಿರು ಬಿಡುತ್ತ, ಭುಜ ಇಳಿಸುತ್ತ ಹಿಡಿದರೆ ಅದೇ ಚಳಿ, ಅದೇ ನಿಮಿಷ, ಆದರೆ ತಾಳಿಕೊಳ್ಳುವ ಬಗೆ ಬೇರೆಯಾಗುತ್ತದೆ. ಬೀದರ್ ಜಿಲ್ಲೆಯ ಬೇಸಿಗೆಯಲ್ಲಿ ಈ ಪಾಠಕ್ಕೆ ಯಾರೂ ಬೇಸರಿಸಲಾರರು.

ಯಾವ ಚಿತ್ರ?

ಮೈ ಸಡಿಲಾದ ಮೇಲೆ ಮನಸ್ಸಿಗೊಂದು ನೆಲೆ ಬೇಕು. ಇಲ್ಲಿಯೇ ಮನೋಚಿತ್ರದ ಕೆಲಸ. ಇದರಲ್ಲಿ ಎರಡು ಬಗೆ. ಮೊದಲನೆಯದು ತಾಲೀಮು. ರಾತ್ರಿ ಬೇನೆ ಶುರುವಾಗುವುದು, ತಾಯಿಯನ್ನು ಎಬ್ಬಿಸುವುದು, 108ಕ್ಕೆ ಕರೆ, ಆಂಬುಲೆನ್ಸಿನ ದಾರಿ, ಆಸ್ಪತ್ರೆಯ ಬಾಗಿಲು, ಹೆರಿಗೆ ಕೋಣೆಯ ದೀಪ, ಒಂದೊಂದು ಬೇನೆಗೂ ಉಸಿರು ಬಿಡುತ್ತಿರುವ ತಾನು, ಕೊನೆಗೆ ಎದೆಯ ಮೇಲೆ ಬೆಚ್ಚಗಿನ ಕೂಸು, ಹೀಗೆ ಇಡೀ ದಿನವನ್ನು ಕಣ್ಣುಮುಚ್ಚಿ ಮತ್ತೆ ಮತ್ತೆ ನಡೆದು ನೋಡುವುದು. ಕ್ರೀಡಾಪಟುಗಳು ಓಟದ ಮುನ್ನ ಮಾಡುವುದೂ ಇದನ್ನೇ. ಕಂಡ ದಾರಿಯಲ್ಲಿ ಹೆದರಿಕೆ ಕಡಿಮೆ. ಸಾಧ್ಯವಾದರೆ ಒಂದು ದಿನ ಮೊದಲೇ ಹೋಗಿ ಆ ಹೆರಿಗೆ ಕೋಣೆಯನ್ನು ನಿಜವಾಗಿಯೂ ನೋಡಿ ಬರುವುದು ಇನ್ನೂ ಒಳ್ಳೆಯದು.

ಹುಮನಾಬಾದಿನಿಂದ ಬೀದರ್ ಜಿಲ್ಲಾ ಕೇಂದ್ರ ಸುಮಾರು 50 ಕಿಲೋಮೀಟರ್, ಬಸವಕಲ್ಯಾಣದಿಂದ ಸುಮಾರು 80. ತಾಲ್ಲೂಕು ಆಸ್ಪತ್ರೆಯಿಂದ ಮುಂದಕ್ಕೆ ಕಳುಹಿಸುವ ಸಂದರ್ಭ ಬಂದರೆ ಬೀದರಿಗೋ ಕಲಬುರಗಿಗೋ ವಾಹನದಲ್ಲಿ ಒಂದು ಗಂಟೆಗೂ ಮೀರಿದ ಹಾದಿ. ಮನಸ್ಸಿನ ತಾಲೀಮಿನಲ್ಲಿ ಈ ಹಾದಿಯನ್ನೂ ಒಮ್ಮೆ ಸೇರಿಸಿಕೊಳ್ಳಬೇಕು. ಎಲ್ಲವೂ ಸುಸೂತ್ರವಾಗುವ ಚಿತ್ರವನ್ನಷ್ಟೇ ಕಟ್ಟಿಕೊಂಡವಳು ಸಣ್ಣ ಬದಲಾವಣೆಗೂ ಕುಸಿಯುತ್ತಾಳೆ. ವೈದ್ಯರು ಸಿಸೇರಿಯನ್ ಎಂದರೂ ತಾನು ಉಸಿರು ಬಿಡುತ್ತ ಶಾಂತವಾಗಿರುವ ಚಿತ್ರವೊಂದು ಮನದ ಮೂಲೆಯಲ್ಲಿ ಸಿದ್ಧವಿರಲಿ.

ಎರಡನೆಯದು ರೂಪಕದ ಚಿತ್ರ: ತೆರೆಯುವ ಹೂವು, ಏರಿಳಿಯುವ ನೀರು, ಅರಳುವ ಬೆಳಕು. ಇಂಟರ್ನೆಟ್ಟಿನಲ್ಲಿ ಸಿಗುವ ಧ್ವನಿಮುದ್ರಣಗಳಲ್ಲಿ ಕಡಲತೀರ, ಮರಳು, ಅಲೆಗಳ ವರ್ಣನೆಯೇ ಹೆಚ್ಚು, ಅದೂ ಅಮೆರಿಕದ ಇಂಗ್ಲಿಷಿನಲ್ಲಿ. ಕಡಲನ್ನೇ ಕಾಣದ ಹುಮನಾಬಾದಿನ ಹೆಣ್ಣುಮಗಳಿಗೆ ಅದು ಇನ್ನೊಂದು ಪರೀಕ್ಷೆಯಾದೀತು. ಚಿತ್ರ ಕಂಡದ್ದಾಗಿರಬೇಕು, ಮೂಗಿಗೆ ವಾಸನೆ, ಕಿವಿಗೆ ಸದ್ದು ಬರುವಂಥದ್ದಾಗಿರಬೇಕು. ತ್ರಿಪುರಾಂತ ಕೆರೆಯ ಮೇಲಿನ ಸಂಜೆಗಾಳಿ, ಕಾರಂಜಾ ಜಲಾಶಯದ ತುಂಬುನೀರು, ಗಾಳಿಗೆ ಅಲೆಯಾಗಿ ಬಾಗಿ ಏಳುವ ಬಿಳಿಜೋಳದ ಹೊಲ, ತವರಿನ ಪಡಸಾಲೆಯ ತಂಪು, ಯಾವುದಾದರೂ ಆದೀತು. ಬೇನೆ ಏರಿದಾಗ ಜೋಳದ ದಂಟು ಬಾಗುತ್ತದೆ, ಗಾಳಿ ಹೋದಾಗ ಎದ್ದು ನಿಲ್ಲುತ್ತದೆ. ಒಂದು ಚಿತ್ರವನ್ನು ಆಯ್ದುಕೊಂಡು ದಿನವೂ ಅದಕ್ಕೇ ಮರಳಬೇಕು. ದಿನಕ್ಕೊಂದು ಬದಲಿಸಿದರೆ ಯಾವುದೂ ನೆಲೆಗೊಳ್ಳದು.

ತೆರೆಯುವ ಹೂವಿನ ಚಿತ್ರವನ್ನು ಪಶ್ಚಿಮದ ಪುಸ್ತಕಗಳಿಂದ ಕಲಿಯಬೇಕಾದ ಅಗತ್ಯವೂ ಇಲ್ಲ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ, ನಾಗನಾಥಕೊಳ್ಳದಿಂದ ಬಂದ ಲಜ್ಜಾಗೌರಿ ಶಿಲ್ಪಕ್ಕೆ ತಲೆಯ ಜಾಗದಲ್ಲಿ ಅರಳಿದ ಕಮಲವಿದೆ. ಕಾಲುಗಳು ಹೆರುವವಳಂತೆ ಮಡಚಿ ಅಗಲಿವೆ. ಚಾಲುಕ್ಯರ ಕಾಲದ ಶಿಲ್ಪಿಗೆ ಈ ಎರಡರ ನಂಟು ತಿಳಿದಿತ್ತು. ದಖ್ಖನಿನ ಮುಸ್ಲಿಂ ಮನೆಗಳಲ್ಲಿ ಹಜ್ ಯಾತ್ರಿಕರು ತಂದ ಒಣಗಿದ ‘ಮರಿಯಮ್ ಹೂ’ವನ್ನು ಹೆರಿಗೆಯ ಹೊತ್ತಿಗೆ ನೀರಿನಲ್ಲಿ ಇಡುವ ರೂಢಿಯಿದೆ. ಮುಷ್ಟಿಯಂತೆ ಮುದುಡಿದ ಗಿಡ ನೀರು ಕುಡಿದು ಮೆಲ್ಲನೆ ಬಿಚ್ಚಿಕೊಳ್ಳುತ್ತದೆ. ಕೆಲವು ಮನೆಗಳಲ್ಲಿ ಬೇನೆ ಬಂದಾಗ ಜಡೆ ಬಿಚ್ಚುತ್ತಾರೆ, ಬೀಗ ತೆಗೆದಿಡುತ್ತಾರೆ. ಇವನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳುವವರು, ಕಣ್ಣೆದುರು ತೆರೆದುಕೊಳ್ಳುವ ವಸ್ತುವೊಂದು ಹೆರುವವಳ ಮನಸ್ಸಿಗೆ ಏನು ಹೇಳುತ್ತದೆ ಎಂದು ಯೋಚಿಸಬೇಕು. ಮರಿಯಮ್ ಹೂವಿನ ನೀರನ್ನು ಕುಡಿಸುವುದು ಮಾತ್ರ ಬೇಡ. ನೋಡುವುದಕ್ಕೆ ಅದು ಸಾಕು.

ಹಾಡಿನದೂ ಇಂಥದೇ ಕಥೆ. ಬೀಸುವ ಕಲ್ಲಿನ ಮುಂದೆ ತ್ರಿಪದಿ ಹಾಡುತ್ತಿದ್ದ ಹೆಂಗಸರು ಒಂದು ಸುತ್ತಿಗೆ ಒಂದು ಉದ್ದ ಉಸಿರು ಬಿಡುತ್ತಿದ್ದರು. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಈ ಉಸಿರಿನಿಂದಲೇ ಹುಟ್ಟಿದ ಸಾಹಿತ್ಯ. ಕಲ್ಲು ಹೋಗಿ ಗಿರಣಿ ಬಂದಿದ್ದರೂ, ಅಜ್ಜಿಗೆ ನೆನಪಿರುವ ನಾಲ್ಕು ಪದಗಳನ್ನು ಕಲಿತು ಗುನುಗುವ ಬಸುರಿಗೆ ಬೇರೆ ಉಸಿರಾಟದ ಪಾಠ ಬೇಕಾಗಲಾರದು. ಹಾಡುವವರು ತಮಗರಿವಿಲ್ಲದೆಯೇ ಉಸಿರನ್ನು ಉದ್ದ ಬಿಡುತ್ತಾರೆ.

ಭಾಷೆಯ ಮಾತೂ ಬಂತು. ಕನ್ನಡ, ಮರಾಠಿ, ದಖ್ಖನಿ ಉರ್ದು, ತೆಲುಗು, ತಾಂಡಾಗಳ ಲಂಬಾಣಿ, ಇಷ್ಟೂ ಒಂದೇ ವಾರ್ಡಿನಲ್ಲಿ ಕೇಳಿಬರುವ ಜಿಲ್ಲೆ ಇದು. ಬೇನೆಯ ತುದಿಯಲ್ಲಿ ಮನುಷ್ಯರಿಗೆ ತಿಳಿಯುವುದು ತಾಯ್ನುಡಿ ಒಂದೇ. ಆದ್ದರಿಂದ ಸೂಚನೆಗಳನ್ನು ತಾಯಿಯೋ ಅಕ್ಕನೋ ಗಂಡನೋ ಮನೆಮಾತಿನಲ್ಲಿ ನಿಧಾನವಾಗಿ ಓದಿ ಮೊಬೈಲಿನಲ್ಲಿ ಮುದ್ರಿಸಿಕೊಡುವುದು ಅತ್ಯುತ್ತಮ. ಆ ದನಿಯನ್ನು ಮೂರು ತಿಂಗಳು ಕೇಳಿದ ಕಿವಿ ಹೆರಿಗೆ ಕೋಣೆಯಲ್ಲೂ ಅದನ್ನು ಗುರುತಿಸುತ್ತದೆ.

ವಿಜ್ಞಾನ ಎಷ್ಟು ಒಪ್ಪುತ್ತದೆ?

ಇದರ ಪರವಾಗಿ ಮಾತನಾಡುವವರು ಕೆಲವೊಮ್ಮೆ ಅತಿಯಾಗಿ ಹೇಳುತ್ತಾರೆ. ‘ನೋವೇ ಇಲ್ಲದ ಹೆರಿಗೆ’ ಎಂಬ ಜಾಹೀರಾತುಗಳನ್ನು ನಂಬಬೇಕಿಲ್ಲ. ಜಗತ್ತಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ, ವಿಶ್ರಾಂತಿ ವಿಧಾನಗಳು, ಯೋಗ ಮತ್ತು ಸಂಗೀತ ಬೇನೆಯ ತೀವ್ರತೆಯನ್ನು ತಗ್ಗಿಸಬಹುದು ಎಂದಿತು. ಆದರೆ ಲಭ್ಯ ಪುರಾವೆಯ ಗುಣಮಟ್ಟ ಕಡಿಮೆ ಎಂಬುದನ್ನೂ ಸೇರಿಸಿತು. ಬ್ರಿಟನ್ನಿನಲ್ಲಿ 680 ಚೊಚ್ಚಲು ಬಸುರಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಸ್ವಸಮ್ಮೋಹನದ ಪ್ರಯೋಗ ಇನ್ನೂ ಕುತೂಹಲಕರ. ತರಬೇತಿ ಪಡೆದವರೂ ಪಡೆಯದವರೂ ಬೆನ್ನಿಗೆ ನೋವುನಿವಾರಕ ಚುಚ್ಚುಮದ್ದು ಪಡೆದ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆದರೆ ಹೆರಿಗೆ ಮುಗಿದ ಮೇಲೆ ಹಿಂದಿರುಗಿ ನೋಡಿದಾಗ, ತಾವು ಎಣಿಸಿದ್ದಕ್ಕಿಂತ ಭಯ, ಆತಂಕ ಕಡಿಮೆಯಿತ್ತು ಎಂದವರು ತರಬೇತಿ ಪಡೆದವರೇ. ಅಂದರೆ ಈ ಅಭ್ಯಾಸ ನೋವನ್ನು ಅಳಿಸುವುದಿಲ್ಲ, ನೋವಿನ ಜೊತೆಗಿನ ಹೆದರಿಕೆಯನ್ನು ಕರಗಿಸುತ್ತದೆ.

ಕರ್ನಾಟಕದಲ್ಲೂ ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಡಾ. ಆರ್. ನಾಗರತ್ನ, ಡಾ. ಎಚ್.ಆರ್. ನಾಗೇಂದ್ರ ಮತ್ತು ಸಂಗಡಿಗರು ನಗರದ ಗುಣಶೀಲಾ ಆಸ್ಪತ್ರೆಯ 335 ಬಸುರಿಯರನ್ನು ಅಧ್ಯಯನ ಮಾಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪು ಆಸನ, ಪ್ರಾಣಾಯಾಮ, ಧ್ಯಾನಗಳನ್ನೂ, ಇನ್ನೊಂದು ನಡಿಗೆಯನ್ನೂ ರೂಢಿಸಿಕೊಂಡಿತ್ತು. ಯೋಗದ ಗುಂಪಿನಲ್ಲಿ ಎರಡೂವರೆ ಕಿಲೋ ತೂಕ ಮೀರಿದ ಶಿಶುಗಳು ಹೆಚ್ಚಿದ್ದವು, ದಿನ ತುಂಬದ ಹೆರಿಗೆಗಳು ಕಡಿಮೆಯಿದ್ದವು. ಯಾವ ಗುಂಪಿಗೆ ಯಾರು ಎಂಬುದನ್ನು ಚೀಟಿಯೆತ್ತಿ ನಿರ್ಧರಿಸಿರಲಿಲ್ಲವಾದ್ದರಿಂದ, ಯೋಗವನ್ನು ಆಯ್ದುಕೊಂಡವರು ಮೊದಲೇ ಹೆಚ್ಚು ಕಾಳಜಿಯುಳ್ಳವರಾಗಿರಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ನಂತರದ ವರ್ಷಗಳಲ್ಲಿ ಅದೇ ಸಂಸ್ಥೆ ಇನ್ನಷ್ಟು ಬಿಗಿಯಾದ ಪ್ರಯೋಗಗಳನ್ನು ನಡೆಸಿ, ಬಸುರಿಯರ ಒತ್ತಡ ಇಳಿಯುವುದನ್ನು ದಾಖಲಿಸಿತು.

ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಹೆರಿಗೆ ಮಾರ್ಗಸೂಚಿಯಲ್ಲಿ ಸ್ನಾಯು ಸಡಿಲಿಕೆ, ಉಸಿರಾಟ, ಸಂಗೀತ ಮುಂತಾದವನ್ನು ನೋವು ನಿವಾರಣೆ ಬಯಸುವ ಆರೋಗ್ಯವಂತ ಬಸುರಿಯರಿಗೆ ಶಿಫಾರಸು ಮಾಡಿತು. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಅಳತೆಗೋಲನ್ನೂ ಅದೇ ಕೈಬಿಟ್ಟಿತು. ಚೊಚ್ಚಲು ಹೆರಿಗೆಯಲ್ಲಿ ಐದು ಸೆಂಟಿಮೀಟರ್ ದಾಟಿದ ಮೇಲೂ ಹನ್ನೆರಡು ಗಂಟೆಗಳವರೆಗೆ ಹಿಡಿಯುವುದು ಅಸಹಜವಲ್ಲ ಎಂದು ಹೇಳಿತು. ಗಡಿಯಾರ ನೋಡಿ ಗಾಬರಿಗೊಳ್ಳುವ ಮನೆಯವರು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಪಕ್ಕದಲ್ಲಿ ಒಬ್ಬರು

ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ಜೊತೆಗಾರ್ತಿಯ ಬಗ್ಗೆ. 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 26 ಪ್ರಯೋಗಗಳ 2017ರ ವಿಮರ್ಶೆ, ಬೇನೆಯುದ್ದಕ್ಕೂ ಒಬ್ಬರು ಪಕ್ಕದಲ್ಲಿದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ತಗ್ಗುತ್ತದೆ, ಬೇನೆಯ ಅವಧಿ ಕೊಂಚ ಕಡಿಮೆಯಾಗುತ್ತದೆ ಎಂದು ತೋರಿಸಿತು. ಸೂಲಗಿತ್ತಿಯ ಕೈಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾರ್ತಿಯನ್ನು ಬಿಡಲು ಸೂಚಿಸಿತು. ತಾನೂ ಹೆತ್ತ ಅನುಭವವುಳ್ಳ ಬಂಧು ಹೆಂಗಸಾದರೆ ಲೇಸು, ಸೋಂಕು ರೋಗ ಇರಬಾರದು, ಹೆರಿಗೆ ಮುಗಿಯುವವರೆಗೂ ಜೊತೆಗಿರಬೇಕು, ಸಿಬ್ಬಂದಿಯ ಕೆಲಸದಲ್ಲಿ ಕೈಹಾಕಬಾರದು ಎಂಬವು ಷರತ್ತುಗಳು. ಇತರ ಹೆಂಗಸರ ಖಾಸಗಿತನಕ್ಕೆ ಧಕ್ಕೆಯಾಗದ ವ್ಯವಸ್ಥೆ ಇದ್ದಲ್ಲಿ ಗಂಡನೂ ಇರಬಹುದು. 2017ರ ಡಿಸೆಂಬರಿನಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆಗಳ ಗುಣಮಟ್ಟ ಅಳೆಯುವಾಗ ಇದನ್ನೂ, ಬಸುರಿಯನ್ನು ಗೌರವದಿಂದ ಕಾಣುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗಡಿಯಾಚೆಯ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ 2011ರಿಂದಲೇ ಸೂಲಗಿತ್ತಿ ವಿದ್ಯೆಯನ್ನು ಆಧುನಿಕ ವೃತ್ತಿಯಾಗಿ ದಾದಿಯರಿಗೆ ಕಲಿಸುತ್ತ ಬಂದಿದೆ. ಸೂಚನೆ ಇದೆಯೆಂಬುದನ್ನು ಬಲ್ಲ ಕುಟುಂಬಗಳು ಕಡಿಮೆ. ದಾಖಲಾಗುವಾಗ ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಬೇಕಾದ ವಿಷಯ ಇದು.

ಜೊತೆಗಾರ್ತಿಗೂ ತಾಲೀಮು ಬೇಕು. ಅಳುತ್ತ ನಿಲ್ಲುವ ತಾಯಿಗಿಂತ ಧೈರ್ಯವಂತ ಅತ್ತಿಗೆ ಮೇಲು. ಬೇನೆಗೆ ಬೇನೆ ತಾನೂ ಉದ್ದ ಉಸಿರು ಬಿಡುವುದು, ಸೊಂಟದ ಕೆಳಗೆ ಅಂಗೈಯಿಂದ ಒತ್ತಿ ಹಿಡಿಯುವುದು, ಬಿಡುವಿನಲ್ಲಿ ಗುಟುಕು ನೀರು ಕುಡಿಸುವುದು, ಸಿಬ್ಬಂದಿ ಒಪ್ಪಿದರೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವುದು, ದವಡೆ ಬಿಗಿದಾಗ ಕೆನ್ನೆ ಮುಟ್ಟಿ ನೆನಪಿಸುವುದು, ಇಷ್ಟೇ ಅವಳ ಕೆಲಸ. ‘ಜೋರಾಗಿ ಮುಕ್ಕು’ ಎಂದು ಹೊತ್ತಿಗೆ ಮುಂಚೆ ಕೂಗುವುದು ಅವಳ ಕೆಲಸವಲ್ಲ.

ಶಾಂತವಾಗಿ ಕಾಯಬಾರದ ಸಂದರ್ಭಗಳು

ವಿಶ್ರಾಂತಿಯ ಅಭ್ಯಾಸ ವೈದ್ಯಕೀಯ ನೆರವಿಗೆ ಬದಲಿಯಲ್ಲ. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳಿಗೆ ಹಠಾತ್ ಬಾವು, ಫಿಟ್ಸ್, ಜ್ವರ, ದಿನ ತುಂಬುವ ಮುನ್ನ ನೀರು ಒಡೆಯುವುದು, ಒಡೆದ ನೀರು ಹಸಿರಾಗಿರುವುದು, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಉಸಿರು ಎಣಿಸುತ್ತ ಮನೆಯಲ್ಲಿ ಕೂರದೆ ಕೂಡಲೇ ಆಸ್ಪತ್ರೆ ಸೇರಬೇಕು. ಹಿಂದೆ ಖಿನ್ನತೆ ಅಥವಾ ಇತರ ಮಾನಸಿಕ ಕಾಯಿಲೆ ಇದ್ದವರು, ಹಿಂದಿನ ಹೆರಿಗೆಯಲ್ಲಿ ಮಗುವನ್ನು ಕಳೆದುಕೊಂಡವರು ಕಣ್ಣುಮುಚ್ಚಿ ಕೂತಾಗ ಹಳೆಯ ನೆನಪುಗಳು ನುಗ್ಗಿ ಬರಬಹುದು. ಅಂಥವರು ವೈದ್ಯರಿಗೆ ತಿಳಿಸಿ, ಕಣ್ಣು ತೆರೆದೇ ಅಭ್ಯಾಸ ಮಾಡುವುದು ಒಳಿತು.

ಎಷ್ಟು ಅಭ್ಯಾಸ ಮಾಡಿದ್ದರೂ ಸಿಸೇರಿಯನ್ ಬೇಕಾಗಬಹುದು. ಮಗು ಅಡ್ಡ ಕೂತಿದ್ದರೆ ಯಾವ ಮನೋಚಿತ್ರವೂ ಅದನ್ನು ತಿರುಗಿಸಲಾರದು. ‘ನೀನು ಸರಿಯಾಗಿ ಉಸಿರು ಬಿಡಲಿಲ್ಲ’ ಎಂದು ಬಾಣಂತಿಯನ್ನು ಆಡಿಕೊಳ್ಳುವ ಮನೆಗಳು ಇರಬಹುದು. ಆ ಮಾತು ತಪ್ಪು ಮಾತ್ರವಲ್ಲ, ಕ್ರೂರ ಕೂಡ.

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ನಡೆಯುತ್ತದೆ. ಅಂದು ಸರದಿಗಾಗಿ ತಾಯಿ ಕಾರ್ಡ್ ಹಿಡಿದು ಕೂರುವವರು ಹಲವರು. ಅಷ್ಟು ಜನ ಬಸುರಿಯರು ಒಂದೆಡೆ ಸೇರುವ ಮತ್ತೊಂದು ಸಂದರ್ಭ ತಾಲ್ಲೂಕಿನಲ್ಲಿ ಸಿಗದು. ಆ ಕಾಯುವ ಹೊತ್ತಿನಲ್ಲಿ ಅರ್ಧ ಗಂಟೆ, ಒಬ್ಬ ದಾದಿ ಅಥವಾ ಆಶಾ ಕಾರ್ಯಕರ್ತೆ ಉಸಿರಾಟದ ಈ ಪಾಠವನ್ನು ಅವರವರ ಮಾತಿನಲ್ಲಿ ಹೇಳಿಕೊಟ್ಟು, ನಾಲ್ಕು ನಾಲ್ಕು ಮಂದಿಯಂತೆ ಹೆರಿಗೆ ಕೋಣೆಯನ್ನು ತೋರಿಸಿ ತರಲು ಹೊಸ ಅನುದಾನವಾಗಲಿ, ಆದೇಶವಾಗಲಿ ಬೇಕಾಗದು.